ತೂಬು ತೆರೆಯುವ ಮುನ್ನ ಸ್ಥಳೀಯ ಮೀನುಗಳನ್ನು ಸ್ಥಳಾಂತರಿಸುವಂತೆ ಕೋರಿ ಮನವಿ

ಇವರಿಗೆ,
ಅಧ್ಯಕ್ಷರು ಹಾಗೂ ಮುಖ್ಯ ಎಂಜಿನಿಯರ್,
ಜಲಾಶಯ ನಿರ್ವಹಣಾ ಪ್ರಾಧಿಕಾರ

ವಿಷಯ: ದುರಸ್ತಿಗಾಗಿ ಜಲಾಶಯ ಖಾಲಿ ಮಾಡುವಾಗ ಸ್ಥಳೀಯ ಮೀನುಗಳ ಸಂರಕ್ಷಣೆ

ಮಾನ್ಯರೇ,

ತೂಬಿನ ಗೇಟು ದುರಸ್ತಿಗೂ ಹೂಳು ತೆಗೆಯುವುದಕ್ಕೂ ಜಲಾಶಯವನ್ನು ಬರಿದು ಮಾಡಲು ಪ್ರಾಧಿಕಾರ ತೀರ್ಮಾನಿಸಿದೆ. ದುರಸ್ತಿ ಆಗಲೇಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಾಮಗಾರಿ ವಿವರದಲ್ಲಿ ಮೀನಿನ ಬಗ್ಗೆ ಇರುವುದು ಒಂದೇ ಸಾಲು: ನೀರು ತಳ ಮುಟ್ಟಿದ ಮೇಲೆ ಉಳಿದ ಮೀನನ್ನು ಹಿಡಿದು ಹತ್ತಿರದ ಕೆರೆಗೆ ಬಿಡುವುದು. ಈ ಕ್ರಮ ಬದಲಾಗಬೇಕು. ನೀರು ಇಳಿಸುವ ವೇಳಾಪಟ್ಟಿ ಮೀನು ಹಿಡಿಯುವ ಕೆಲಸಕ್ಕೆ ಹೊಂದಿಕೊಂಡಿರಬೇಕು ಎಂಬುದು ನಮ್ಮ ಮುಖ್ಯ ಕೋರಿಕೆ.

ತಳದ ಮಡುವಿನಲ್ಲಿ ಆಗುವುದಿಷ್ಟು. ಇಡೀ ಜಲಾಶಯದ ಮೀನು ಅಲ್ಲಿಗೆ ಬಂದು ಸೇರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಕಲಕಿದ ಹೂಳಿನಲ್ಲಿ ಕೊಳೆಯುತ್ತಿರುವ ಪದಾರ್ಥ ಅದನ್ನೂ ಹೀರಿಕೊಳ್ಳುತ್ತದೆ, ನುಣ್ಣನೆಯ ಕೆಸರು ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸಲು ಶುರುಮಾಡಿದರೆ ಆಗಲೇ ತಡವಾಗಿದೆ ಎಂದರ್ಥ. ಇಂಥ ನೀರನ್ನು ತಡೆದುಕೊಳ್ಳುವುದು ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಗಟ್ಟಿ ಜಾತಿಗಳು. ಇವು ಹೊರಗಿನಿಂದ ಬಂದು ನೆಲೆಯೂರಿದ ಜಲಾಶಯಗಳಲ್ಲಿ ತಳದ ಮಡುವಿನವರೆಗೆ ಕಾದರೆ ಉಳಿಸಬೇಕಾದ ಸ್ಥಳೀಯ ಮೀನು ಸಾಯುತ್ತದೆ, ಉಳಿಸಬಾರದ್ದು ಟ್ಯಾಂಕರ್ ಏರುತ್ತದೆ.

ಆದ್ದರಿಂದ ನೀರು ಅರ್ಧಕ್ಕೆ ಇಳಿದಾಗ ಒಮ್ಮೆ, ಮೂರನೇ ಒಂದು ಭಾಗಕ್ಕೆ ಬಂದಾಗ ಮತ್ತೊಮ್ಮೆ ಗೇಟು ಮುಚ್ಚಿ ಮೀನು ಹಿಡಿಯಲು ದಿನಗಳನ್ನು ಮೀಸಲಿಡಬೇಕು. ಮೊಟ್ಟೆ ಇಡುವ ಕಾಲವನ್ನು ಬಿಟ್ಟುಬಿಡಬೇಕು. ಬೆಳಗಿನ ತಂಪಿನಲ್ಲಿ ಹಿಡಿಯುವುದು ಒಳ್ಳೆಯದೇ. ಆದರೆ ಪಾಚಿಯಿಂದ ಹಸಿರಾದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಮೀಟರಿನಲ್ಲಿ ಅಳೆದು, ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಮಾತ್ರ ಬಲೆ ಇಳಿಸಬೇಕು. ಮೇಲ್ಮಟ್ಟದ ಅಳತೆಯೊಂದೇ ಸಾಲದು. ಆಳದ ನೀರಿನಲ್ಲಿ ಆಮ್ಲಜನಕವೇ ಇಲ್ಲದಿರಬಹುದು. ತಳದ ತೂಬಿನಿಂದ ಅದೇ ನೀರು ಹೊರಬಿದ್ದರೆ ಕೆಳಗಿನ ಹೊಳೆಯ ಮೀನೂ ಸಾಯುತ್ತದೆ.

ಹಿಡಿಯಲು ಗಂಟಿಲ್ಲದ ಹೆಣಿಗೆಯ ಎಳೆಬಲೆ ಬೇಕು. ಕಿವಿರಿಗೆ ಸಿಕ್ಕಿಹಾಕಿಕೊಳ್ಳುವ ಗಿಲ್ ನೆಟ್ ಈ ಕೆಲಸಕ್ಕೆ ಬೇಡವೇ ಬೇಡ. ಬಲೆಯನ್ನು ದಡಕ್ಕೆ ಎಳೆದು ಹಾಕಬಾರದು; ಅದರ ಹೊಟ್ಟೆ ನೀರಿನಲ್ಲೇ ಇರುವಾಗ, ತಳದಲ್ಲಿ ನೀರು ನಿಲ್ಲುವಂಥ ಕೈಬಲೆಯಿಂದ ಮೀನನ್ನು ಎತ್ತಬೇಕು. ಒಣ ಕೈ, ಒಣ ಗೋಣಿಚೀಲ ತಾಕಿದಲ್ಲಿ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆ ಹೊತ್ತಿಗೆ ಮೀನು ಚುರುಕಾಗಿಯೇ ಈಜುತ್ತಿರುತ್ತದೆ. ಕೆಲವು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ವಿಂಗಡಿಸುವಾಗ ಗುರುತು ಸಿಗದ ಮರಿಗಳನ್ನು ಟ್ಯಾಂಕಿಗೆ ಸುರಿಯಬಾರದು, ಒಂದು ಬಕೆಟ್ ತಿಲಾಪಿಯಾ ಮರಿ ಸಾಕು ಹೊಸ ಕೆರೆಯನ್ನು ಕೆಡಿಸಲು.

ಸಾಗಿಸುವ ಮುನ್ನ ಶುದ್ಧ ನೀರಿನ ಬಲೆಪಂಜರದಲ್ಲಿ 24 ಗಂಟೆ ಉಪವಾಸ ಇಡಬೇಕು. ಇಲ್ಲವಾದರೆ ದಾರಿಯುದ್ದಕ್ಕೂ ಮೀನು ಕಿವಿರಿನಿಂದಲೂ ಹಿಕ್ಕೆಯಿಂದಲೂ ಹೊರಹಾಕುವ ತ್ಯಾಜ್ಯ ಹೆಚ್ಚಿ ಟ್ಯಾಂಕಿನಲ್ಲಿ ಅಮೋನಿಯಾ ಏರುತ್ತದೆ. 1,000 ಲೀಟರ್ ಟ್ಯಾಂಕಿಗೆ 50 ಕೆಜಿ ಮೀನಿಗಿಂತ ಹೆಚ್ಚು ಬೇಡ, ಬಿಸಿಲು ಜೋರಿದ್ದರೆ ಅದರ ಅರ್ಧ. ಆಮ್ಲಜನಕದ ಸಿಲಿಂಡರ್, ಸಣ್ಣ ಗುಳ್ಳೆ ಬಿಡುವ ಡಿಫ್ಯೂಸರ್, 3 ಕೆಜಿ ಶುದ್ಧ ಉಪ್ಪು (ಅಯೋಡಿನ್ ಬೆರೆಸಿದ್ದಲ್ಲ) ಇರಬೇಕು. ಮೀನಿನ ದೇಹದಿಂದ ಲವಣ ಸೋರಿಹೋಗುವುದನ್ನು ಈ ಉಪ್ಪು ತಗ್ಗಿಸುತ್ತದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದರೆ ತಿರುವುಗಳಲ್ಲಿ ನೀರು ಹೊಯ್ದಾಡಿ ಮೀನು ಗೋಡೆಗೆ ಬಡಿಯುವುದಿಲ್ಲ. ನಲ್ಲಿ ನೀರು ಬಳಸಬಾರದು, ಅದರಲ್ಲಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ.

ಮರಿಗಳಿಗೆ ಪ್ಲಾಸ್ಟಿಕ್ ಚೀಲ ಬಳಸುವುದಾದರೆ ಕಾಲುಭಾಗ ನೀರು, ಮುಕ್ಕಾಲು ಆಮ್ಲಜನಕ. ಬಿಡುವಾಗ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಆಮ್ಲೀಯವಾಗುವುದರಿಂದ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿ ಸ್ವಲ್ಪ ಸ್ವಲ್ಪವೇ ಕೆರೆ ನೀರು ಬೆರೆಸುತ್ತ ಕುಳಿತರೆ ಆ ಆಮ್ಲೀಯತೆ ಇಳಿದು ವಿಷ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ದೂರದ ಪಯಣದ ಚೀಲವನ್ನು ಮುಚ್ಚಿದಂತೆಯೇ 20–30 ನಿಮಿಷ ಕೆರೆಯಲ್ಲಿ ತೇಲಿಬಿಟ್ಟು, ಬಿಸಿ ಸಮವಾದ ಮೇಲೆ ಬಿಚ್ಚಿ, ತಡಮಾಡದೆ ಕೈಬಲೆಯಿಂದ ಮೀನನ್ನು ಎತ್ತಿ ಬಿಡಬೇಕು. ಆಮ್ಲಜನಕ ಹಾಯಿಸಿದ ತೆರೆದ ಟ್ಯಾಂಕಿಗಾದರೆ ನಿಧಾನವಾಗಿ ನೀರು ಬೆರೆಸುವುದೇ ಸರಿ. ಎರಡೂ ಸಂದರ್ಭಗಳಲ್ಲಿ ಸಾಗಿಸಿದ ನೀರನ್ನು ಕೆರೆಗೆ ಸುರಿಯದೆ ದೂರದ ಒಣ ನೆಲದ ಮೇಲೆ ಚೆಲ್ಲಬೇಕು, ರೋಗಾಣುಗಳೂ ಹೊರಗಿನ ಜಾತಿಯ ಮರಿಗಳೂ ಅದರಲ್ಲಿ ಬರುತ್ತವೆ.

ಎಲ್ಲಿಗೆ ಬಿಡಬೇಕು? ದೂರ ಎಷ್ಟೆಂದು ನೋಡಿ ಜಾಗ ಆರಿಸಬಾರದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2013ರಲ್ಲಿ ಪ್ರಕಟಿಸಿದ ಸ್ಥಳಾಂತರ ಮಾರ್ಗಸೂಚಿ, ರೋಗ, ತಳಿಶಾಸ್ತ್ರ ಮತ್ತು ಅಲ್ಲಿ ಈಗಾಗಲೇ ಇರುವ ಜೀವಿಗಳ ಮೇಲಾಗುವ ಪರಿಣಾಮವನ್ನು ಮೊದಲೇ ಪರಿಶೀಲಿಸಬೇಕೆನ್ನುತ್ತದೆ. ಅದೇ ನದಿ ಕಣಿವೆಯ, ಹೊರಗಿನ ಜಾತಿಗಳಿಲ್ಲದ, ಬೇಸಿಗೆಯಲ್ಲೂ ಬತ್ತದ ಕನಿಷ್ಠ ಎರಡು ಜಾಗಗಳು ಬೇಕು. ಎರಡೇಕೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಫಿಶ್ ಸ್ಲೂ ಜೌಗಿನಲ್ಲಿ 1969ರ ಆಗಸ್ಟ್‌ನಲ್ಲಿ ನಡೆದದ್ದನ್ನು ನೋಡಬಹುದು. ಬತ್ತುತ್ತಿದ್ದ ಮಡುವಿನಿಂದ ಹಿಡಿದ ಸುಮಾರು 800 ಓವೆನ್ಸ್ ಪಪ್‌ಫಿಶ್‌ಗಳೇ ಆ ಜಾತಿಯಲ್ಲಿ ಉಳಿದಿದ್ದವು. ಅವುಗಳನ್ನಿಟ್ಟ ಜಾಲರಿ ಪಂಜರಗಳು ನೀರು ಸರಿಯಾಗಿ ಹರಿಯದ ಕಡೆ ಇದ್ದುದರಿಂದ ಮೀನು ಸಾಯತೊಡಗಿತು. ಜೀವವಿಜ್ಞಾನಿ ಫಿಲ್ ಪಿಸ್ಟರ್ ಉಳಿದವನ್ನು ಎರಡು ಬಕೆಟ್‌ಗಳಲ್ಲಿ ಹೊತ್ತೊಯ್ದು ಬೇರೆಡೆ ಬಿಟ್ಟರು. ಅಂದು ಅವರ ಕಾಲು ಜಾರಿದ್ದರೆ ಒಂದು ಜಾತಿಯೇ ಮುಗಿದುಹೋಗುತ್ತಿತ್ತು.

ಹಿಡಿದ ಆಯಾಸದಿಂದ ಸಾಯುವ ಮೀನು ಎಷ್ಟೋ ಸಲ ಕೂಡಲೇ ಸಾಯದೆ ಒಂದೆರಡು ದಿನಗಳೊಳಗೆ ಸಾಯುತ್ತದೆ. ಆದಕಾರಣ ಪ್ರತಿ ಸಲ ಹಿಡಿದ ಮೀನಿನ ಒಂದು ಭಾಗವನ್ನು ನೀರು ಆಡುವ ಕಡೆ ಬಲೆಪಂಜರದಲ್ಲಿ 48 ಗಂಟೆ ಇಟ್ಟು, ಸತ್ತವನ್ನು ಜಾತಿವಾರು ಎಣಿಸಿ ದಾಖಲಿಸಬೇಕು. ಬಿಟ್ಟ ದಿನದ ಎಣಿಕೆಯನ್ನೇ ಯಶಸ್ಸೆಂದು ವರದಿ ಮಾಡಬಾರದು. ಮುಂದಿನ ಮೊಟ್ಟೆಯ ಕಾಲ ಮುಗಿದ ಮೇಲೆ ಹೊಸ ಮರಿ ಕಂಡರಷ್ಟೇ ಮೀನು ನೆಲೆ ನಿಂತಿದೆ ಎನ್ನಬಹುದು. ಒಣಗುವ ದಂಡೆಯ ಸಿಹಿನೀರಿನ ಕಪ್ಪೆಚಿಪ್ಪುಗಳನ್ನೂ ಮರೆಯಬಾರದು. ಅವುಗಳಲ್ಲಿ ಹೆಚ್ಚಿನವುಗಳ ಮರಿಗಳು ಮೀನಿನ ಕಿವಿರು, ರೆಕ್ಕೆಗೆ ಅಂಟಿಕೊಂಡೇ ಬೆಳೆಯಬೇಕು, ಮೀನಿನ ಜೊತೆಗೇ ಅವನ್ನೂ ಸಾಗಿಸಬೇಕು.

ಕೊನೆಯದಾಗಿ, ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗೆ ಇಳಿದ ಕೂಡಲೇ ಗೇಟು ಮುಚ್ಚಿಸುವ ಅಧಿಕಾರ ಸ್ಥಳದಲ್ಲಿರುವ ಮೀನುಗಾರಿಕೆ ಅಧಿಕಾರಿಗೆ ಲಿಖಿತವಾಗಿ ಸಿಗಬೇಕು. ಕಚೇರಿಯಿಂದ ಅನುಮತಿ ಬರುವಷ್ಟರಲ್ಲಿ ಮಡುವಿನ ಮೀನು ಉಳಿದಿರುವುದಿಲ್ಲ. ಈ ಆದೇಶ, ಎರಡು ಬಿಡುಗಡೆ ಜಾಗಗಳ ಪರಿಶೀಲನಾ ವರದಿ ಮತ್ತು ತಿದ್ದಿದ ವೇಳಾಪಟ್ಟಿ ನಮ್ಮ ಕೈಸೇರುವವರೆಗೆ ತೂಬು ತೆರೆಯಬಾರದೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಜಲಾಶಯದ ಸುತ್ತಲಿನ ನಿವಾಸಿಗಳು