ತೊಲೆಗೆ ಅಂಟಿದ ತುಂಡೂ ಇನ್ನು ಲೆಕ್ಕಕ್ಕೆ: ನಮ್ಮ ಬೆಂಕಿ ತಾಳಿಕೆ ವರದಿಯಲ್ಲಿ ಬದಲಾವಣೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಉಕ್ಕಿನ ಕಟ್ಟಡಗಳಿಗೆ ನಾವು ಕೊಡುವ ಬೆಂಕಿ ತಾಳಿಕೆ ವರದಿ ಮುಂದಿನ ತಿಂಗಳಿಂದ ನಿಮ್ಮ ಕೈ ಸೇರುವುದು ಒಂದು ವಾರ ತಡವಾಗುತ್ತದೆ. ಯಾಕೆ ಅಂತ ಹೇಳಲು ಈ ಪತ್ರ.

ಇಷ್ಟು ದಿನ ಒಂದೊಂದು ತೊಲೆಗೂ ಕಂಬಕ್ಕೂ ಒಂದೇ ತಾಪಮಾನ ಕೊಡುತ್ತಿದ್ದೆವು. ಬೆಂಕಿಗೆ ಸಿಗುವ ಸುತ್ತಳತೆಯನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸುವುದು. ತೆಳ್ಳಗಿದ್ದರೆ ಬೇಗ ಕಾಯುತ್ತದೆ, ದಪ್ಪಗಿದ್ದರೆ ನಿಧಾನ. ಇಡೀ ತೊಲೆ ಒಂದೇ ಸಮ ಕಾಯುತ್ತದೆ ಅಂತ ಇಟ್ಟುಕೊಂಡ ಲೆಕ್ಕ ಇದು. ಏನೂ ಅಂಟಿರದ ತೊಲೆಗೆ ಈಗಲೂ ಇದು ಸಾಕು.

ತೊಂದರೆ ಕಂಡಿದ್ದು ಒಂದು ತಪಾಸಣೆಯಲ್ಲಿ. ತೊಲೆಗೆ ಬೆಂಕಿ ತಡೆ ಬಣ್ಣ ಚೆನ್ನಾಗಿ ಹೊಡೆದಿದ್ದರು. ದಪ್ಪ ಅಳೆದೆವು, ಸರಿ ಇತ್ತು. ಆದರೆ ಆಮೇಲೆ ಯಾರೋ ಕೇಬಲ್ ಟ್ರೇ ತೂಗುಹಾಕಲು ಅಂಗೈಯಗಲ ಬಣ್ಣ ಕೆರೆದು, ಆ್ಯಂಗಲ್ (L ಆಕಾರದ ಉಕ್ಕಿನ ಪಟ್ಟಿ) ತುಂಡೊಂದನ್ನು ವೆಲ್ಡ್ ಮಾಡಿದ್ದರು. ತುಂಡಿಗೆ ಬರೀ ಪ್ರೈಮರ್, ಅಂದರೆ ಬೆಂಕಿ ತಡೆಯದ ಮೊದಲ ಕೋಟು. ಬೆಸುಗೆಯ ಸುತ್ತ ಅದೂ ಇಲ್ಲ, ಲೋಹ ಹೊಳೆಯುತ್ತಿತ್ತು. ನಮ್ಮ ಹಳೇ ಲೆಕ್ಕದಲ್ಲಿ ಆ ತೊಲೆ ಪಾಸ್! ಅವತ್ತಿಂದ ನಮಗೆ ಸಮಾಧಾನವಿಲ್ಲ.

ಐಎಸ್‌ಒ 834 ಅನ್ನುವ ಅಂತರರಾಷ್ಟ್ರೀಯ ಬೆಂಕಿ ಪರೀಕ್ಷೆಯಲ್ಲಿ 30ನೇ ನಿಮಿಷಕ್ಕೆ ಕುಲುಮೆಯ ಬಿಸಿ 842 ಡಿಗ್ರಿ ಸೆಲ್ಸಿಯಸ್. ಬಣ್ಣವಿಲ್ಲದ ತೆಳು ಆ್ಯಂಗಲ್ ಅಷ್ಟರಲ್ಲಿ ಹತ್ತಿರ ಹತ್ತಿರ ಅಷ್ಟೇ ಕಾದಿರುತ್ತದೆ. ಆ ಕಾವು ಬೆಸುಗೆ ದಾಟಿ, ಬಣ್ಣದ ಒಳಗಿಂದಲೇ ತೊಲೆಗೆ ಇಳಿಯುತ್ತದೆ. ಉಕ್ಕು ಕರಗುವುದು 1500 ಡಿಗ್ರಿ ಹತ್ತಿರ, ನಿಜ. ಆದರೆ ತೊಲೆ ಬೀಳಲು ಕರಗಲೇಬೇಕು ಅಂತಿಲ್ಲ ಅಲ್ವಾ? ಯುರೋಪಿನ ಕಟ್ಟಡ ವಿನ್ಯಾಸ ನಿಯಮಾವಳಿಯಾದ ಯೂರೋಕೋಡ್‌ನ ಕೋಷ್ಟಕದಲ್ಲಿ 400 ಡಿಗ್ರಿವರೆಗೆ ಬಲ ಪೂರ್ತಿ ಇದೆ. 500ಕ್ಕೆ ಶೇ. 78, 600ಕ್ಕೆ ಶೇ. 47, 700ಕ್ಕೆ ಶೇ. 23. ಆ ನೂರಿನ್ನೂರು ಡಿಗ್ರಿಯಲ್ಲೇ ಎಲ್ಲ ಇದೆ.

ಹಾಗಂತ ಎಲ್ಲ ತುಂಡಿಗೂ ಸುಮ್ನೆ ಬಣ್ಣ ಹೊಡೆಸಿ ಅಂತ ಹೇಳಲು ನಮಗೆ ಮನಸ್ಸಿಲ್ಲ. ಒಂದು ಗಂಟೆಯ ಬೆಂಕಿಯಲ್ಲಿ ಉಕ್ಕಿನ ಉದ್ದಕ್ಕೂ ಸಾಗುವ ಶಾಖದ ಜೋರು ಹೆಚ್ಚುಕಡಿಮೆ ಅರ್ಧ ಮೀಟರಿನೊಳಗೇ ಮುಗಿಯುತ್ತದೆ. ಅಂಟಿದ ತುಂಡಿಗೂ 450–500 ಮಿ.ಮೀ.ವರೆಗೆ ಬಣ್ಣ ಮುಂದುವರಿಸುವ ರೂಢಿ ಇರುವುದು ಇದಕ್ಕೇ. ದಪ್ಪ ತೊಲೆಗೆ ಸಣ್ಣ ತುಂಡಾದರೆ ತೊಲೆಯೇ ಆ ಶಾಖವನ್ನು ನುಂಗಿಕೊಳ್ಳಬಹುದು. ತೆಳು ತೊಲೆಗೆ ದೊಡ್ಡ ತುಂಡಾದರೆ ಕಥೆ ಬೇರೆ. ಆದ್ದರಿಂದ ಇನ್ನು ಮುಂದೆ ಪ್ರತಿ ಜೋಡಣೆಯನ್ನೂ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಶಾಖ ಎತ್ತ ಹರಿಯಿತು ಅಂತ ನಿಮಿಷ ನಿಮಿಷಕ್ಕೂ ನೋಡುತ್ತೇವೆ. ಉಕ್ಕು ಕಾದಷ್ಟೂ ಅದು ಶಾಖ ಸಾಗಿಸುವುದು ಕಡಿಮೆಯಾಗುತ್ತದೆ, 800 ಡಿಗ್ರಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನೂ ಸೇರಿಸಬೇಕು. ತಡವಾಗುವುದು ಇಲ್ಲೇ.

ಬೆಂಕಿ ತಡೆಗೋಡೆ ತೂರಿ ಹೋಗುವ ತೊಲೆಗಳಿಗೂ ಇದೇ ಲೆಕ್ಕ. ಗೋಡೆಯ ಆಚೆ ಬದಿಯ ಬಿಸಿ ಮೊದಲಿದ್ದುದಕ್ಕಿಂತ ಸರಾಸರಿ 140 ಡಿಗ್ರಿ, ಯಾವುದೇ ಒಂದು ಜಾಗದಲ್ಲಿ 180 ಡಿಗ್ರಿಗಿಂತ ಜಾಸ್ತಿ ಏರಬಾರದು.

ನಿಮ್ಮಿಂದ ನಮಗೆ ಬೇಕಾದದ್ದು ಫೋಟೋ. ಡ್ರಾಯಿಂಗ್ ಸಾಲದು, ಏಕೆಂದರೆ ಆಮೇಲೆ ಸೇರಿದ್ದು ಅದರಲ್ಲಿ ಇರುವುದಿಲ್ಲ. ಪೈಪ್ ಹ್ಯಾಂಗರ್, ಬ್ರಾಕೆಟ್, ಕ್ಲಿಪ್, ತೊಲೆಗೆ ಬೋಲ್ಟ್ ಆದದ್ದು, ವೆಲ್ಡ್ ಆದದ್ದು ಎಲ್ಲವನ್ನೂ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆಯಿರಿ. ಹಿಂದೆ ನಮ್ಮಿಂದ ವರದಿ ಪಡೆದವರೂ ಕಳುಹಿಸಿ. ಆ ಜೋಡಣೆಗಳನ್ನು ಶುಲ್ಕವಿಲ್ಲದೆ ಮತ್ತೆ ಲೆಕ್ಕ ಹಾಕಿಕೊಡುತ್ತೇವೆ.

ಇಂತಿ ನಿಮ್ಮ,
ತಪಾಸಣೆ ಮತ್ತು ಲೆಕ್ಕ ವಿಭಾಗ