ಪೋಷಕರಿಗೆ ಪತ್ರ: ತಂಬಾಕು ತಡೆ ಆ್ಯಪ್ ಮತ್ತು ಮಕ್ಕಳ ಉತ್ತರಗಳು

ಮಾನ್ಯ ಪೋಷಕರಿಗೆ ನಮಸ್ಕಾರ.

8 ಮತ್ತು 9ನೇ ತರಗತಿಗೆ ಮುಂದಿನ ತಿಂಗಳಿಂದ ಶುರುವಾಗುವ ತಂಬಾಕು ತಡೆ ಆ್ಯಪನ್ನು ಪೋಷಕರ ಸಭೆಯಲ್ಲಿ ತೋರಿಸಿದ ಮೇಲೆ ಕೆಲವರು ಶಾಲೆಗೆ ಬಂದು ವಿಚಾರಿಸಿದ್ದೀರಿ, ಕೆಲವರು ವಾಟ್ಸ್ಆ್ಯಪ್ ಗುಂಪಿನಲ್ಲಿ ಖಾರವಾಗಿಯೇ ಬರೆದಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ಯಾರೂ ಮೊಬೈಲ್ ಕೊಡಿಸಬೇಕಿಲ್ಲ. ಶಾಲೆಯ ಟ್ಯಾಬ್‌ಗಳಿವೆ, ಇಂಟರ್ನೆಟ್ ಬೇಡ, ವಾರಕ್ಕೆ 20 ನಿಮಿಷ ಸಾಕು.

ಆ್ಯಪಿನಲ್ಲಿ ಅಪ್ಪ ಮಗನನ್ನು ಬೀಡಿ ತರಲು ಅಂಗಡಿಗೆ ಕಳಿಸುವ ದೃಶ್ಯ ಹಲವರಿಗೆ ಚುಚ್ಚಿದೆ. ಯಾರ ಮನೆಯತ್ತಲೂ ಬೊಟ್ಟು ಮಾಡಿದ್ದಲ್ಲ. ಆದರೆ ರಾಜ್ಯದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಅಪ್ಪನಿಗೆ ಎಂದರೂ ಅಷ್ಟೇ. ಹೊರಗಿನವರು ಮಾಡಿದ ಆ್ಯಪ್‌ಗಳು ಸಿಗರೇಟು ಬಿಟ್ಟು ಆಚೆ ಬರುವುದು ಕಡಿಮೆ. ನಮ್ಮ ಹುಡುಗರ ಕೈಗೆ ಮೊದಲು ಸಿಗುವುದೇ ಬೇರೆ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಬಂದು ಬಾಯಲ್ಲಿ ಒಂದಾಗುತ್ತಿವೆ. ಬರೀ ಮಸಾಲ ಹಾಕಿಕೊಳ್ಳುವ ಹುಡುಗನನ್ನು 'ತಂಬಾಕು ತಿನ್ನುತ್ತೀಯಾ?' ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ, ಅದು ಸುಳ್ಳೂ ಅಲ್ಲ. ಅದಕ್ಕೇ ಮಸಾಲ, ಹೊಗೆಸೊಪ್ಪು, ಬೀಡಿ, ವೇಪ್ (ಇ-ಸಿಗರೇಟು) ಎಂದು ಒಂದೊಂದನ್ನೂ ಬಿಡಿಸಿ ಕೇಳಲಾಗಿದೆ. ಪ್ಯಾಕೆಟಿನ ಬಣ್ಣವಾಗಲಿ ಹೆಸರಾಗಲಿ ತೋರಿಸಿಲ್ಲ, ತಿಂದವನಿಗೆ ನೋಡಿದರೇ ಚಪಲ. ಹುಣ್ಣಾದ ಬಾಯಿಯ ಚಿತ್ರಗಳೂ ಇಲ್ಲ; ಅವನ್ನು ಅಂಗಡಿಯಲ್ಲಿ ದಿನಾ ಕಾಣುವ ಮಕ್ಕಳು ಬೆರಳಾಡಿಸಿ ಮುಂದೆ ಹೋಗುತ್ತಾರೆ. ಬದಲಿಗೆ ಆ್ಯಪಿನೊಳಗೆ ಒಬ್ಬ ಗೆಳೆಯ 'ಒಂದ್ಸಲ ಹಾಕ್ಕೊ, ಏನಾಗಲ್ಲ' ಅನ್ನುತ್ತಾನೆ. 'ಆರೋಗ್ಯಕ್ಕೆ ಹಾನಿಕರ' ಎಂಬ ಉತ್ತರ ಒತ್ತಿದರೆ ಅವನು ನಕ್ಕು ಮತ್ತೆ ಒತ್ತಾಯಿಸುತ್ತಾನೆ. 'ಬೇಡ ಕಣೋ, ಪ್ರಾಕ್ಟೀಸಿಗೆ ಹೊತ್ತಾಯ್ತು' ಎಂದು ಹೊರಟರೆ ಬಿಡುತ್ತಾನೆ. ಅಂಕ, ರ‍್ಯಾಂಕ್ ಏನೂ ಇಲ್ಲ. ಇಟ್ಟರೆ ಮಕ್ಕಳು ಮೇಷ್ಟ್ರಿಗೆ ಹಿಡಿಸುವ ಉತ್ತರ ಹುಡುಕುತ್ತಾರೆ.

ಈಗ ನೀವು ಒಪ್ಪದ ಮಾತಿಗೆ ಬರುತ್ತೇನೆ. ನಿಮ್ಮ ಮಗು ಏನು ಉತ್ತರಿಸಿತು ಎಂದು ನಾವು ತೋರಿಸುವುದಿಲ್ಲ. ನನಗೂ ಅದು ಕಾಣುವುದಿಲ್ಲ. 'ಹೆತ್ತವರಿಗೇ ಗೊತ್ತಾಗಬಾರದಾ?' ಎಂದು ಕೇಳಿದ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರು ಕೇಳಿದೆವೋ, ಇಡೀ ತರಗತಿ 'ಎಂದೂ ಇಲ್ಲ' ಎಂದು ಒತ್ತಿ ಕೈತೊಳೆದುಕೊಳ್ಳುತ್ತದೆ. ಹಾಗಾಗಿ ಹೆಸರಿಲ್ಲ, ರೋಲ್ ನಂಬರಿಲ್ಲ, ಯಾವ ಟ್ಯಾಬ್ ಯಾರಿಗೆ ಕೊಟ್ಟೆವೆಂದು ಬರೆದಿಡುವುದೂ ಇಲ್ಲ. 10ಕ್ಕಿಂತ ಕಡಿಮೆ ಮಕ್ಕಳ ಗುಂಪಿನ ಲೆಕ್ಕವನ್ನು ಆ್ಯಪ್ ತೆರೆಯುವುದಿಲ್ಲ. 'ಎಂಟನೇ ತರಗತಿ ಹುಡುಗಿಯರಲ್ಲಿ ಒಬ್ಬಳು' ಎಂದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಹೆಸರು ಗೊತ್ತು.

ಹಾಗೆಂದು ಮಗು ಕಷ್ಟದಲ್ಲಿದ್ದರೂ ಸುಮ್ಮನಿರುತ್ತೇವೆ ಅಂತಲ್ಲ. ಕೊನೆಯ ಪರದೆಯಲ್ಲಿ ತಂಬಾಕು ಬಿಡಲು ನೆರವಾಗುವ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಮಗು ತಾನಾಗಿ ಬಂದು ಹೇಳಿಕೊಂಡರೆ, ಅದನ್ನು ಜೊತೆಗೆ ಕೂರಿಸಿಕೊಂಡೇ ನಿಮ್ಮನ್ನು ಕರೆಸಿ ಮಾತಾಡುತ್ತೇವೆ. ಟ್ಯಾಬಿನಲ್ಲಿ ಒತ್ತಿದ ಉತ್ತರ ಮಾತ್ರ ಯಾರಿಗೂ ಇಲ್ಲ. ಆಡಳಿತ ಮಂಡಳಿ ಕೇಳಿದರೂ ಇಲ್ಲ. ಮನೆಯಲ್ಲೂ ಮಗುವನ್ನು ಕೂರಿಸಿಕೊಂಡು 'ಏನು ಒತ್ತಿದೆ ಹೇಳು' ಎಂದು ಕೆದಕಬೇಡಿ, ಮುಂದಿನ ವಾರ ಅದು ನಿಜ ಒತ್ತುವುದಿಲ್ಲ.

ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿಕೊಡಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು