ಕ್ಯುಸೆಕ್ ಲೆಕ್ಕದ ಜೊತೆಗೆ ನೀರು ಎಲ್ಲಿಯವರೆಗೆ ಬರುತ್ತದೆಂದೂ ತಿಳಿಸಲಿ

ಮಾನ್ಯ ಸಂಪಾದಕರಿಗೆ,

ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟೆಯಿಂದ ಮಲಪ್ರಭೆಗೆ ನೀರು ಬಿಡುವ ಮುನ್ನ ಪ್ರತಿ ಮಳೆಗಾಲದಲ್ಲೂ ಒಂದು ಪ್ರಕಟಣೆ ಹೊರಡುತ್ತದೆ. ಇಷ್ಟು ಸಾವಿರ ಕ್ಯುಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ) ನೀರು ಬಿಡಲಾಗುವುದು, ನದಿಪಾತ್ರದ ಜನರು ಜಾನುವಾರು ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳಬೇಕು ಎಂಬುದು ಅದರ ಒಕ್ಕಣೆ. ರೋಣ ತಾಲ್ಲೂಕಿನ ಹೊಳೆದಂಡೆಯ ಊರೊಂದರಲ್ಲಿ ಹುಟ್ಟಿ ಬೆಳೆದು, 2009 ಮತ್ತು 2019ರ ಎರಡೂ ಪ್ರವಾಹಗಳನ್ನು ಕಂಡ ನನಗೆ ಈ ಪ್ರಕಟಣೆಯಿಂದ ಇಂದಿಗೂ ತಿಳಿಯದ ಸಂಗತಿಯೊಂದಿದೆ. ಆ ನೀರು ನಮ್ಮೂರಲ್ಲಿ ಹೊಲದ ಬದುವಿಗೆ ನಿಲ್ಲುತ್ತದೆಯೋ, ಊರ ಅಗಸಿ ಬಾಗಿಲಿನವರೆಗೆ ಬರುತ್ತದೆಯೋ, ಹನುಮಪ್ಪನ ಗುಡಿಯ ಕಟ್ಟೆಯನ್ನೂ ದಾಟುತ್ತದೆಯೋ?

ಎಚ್ಚರಿಕೆ ಕೊಟ್ಟರೂ ಜನ ಊರು ಬಿಡುವುದಿಲ್ಲ ಎಂಬ ಆಕ್ಷೇಪ ಪದೇ ಪದೇ ಕೇಳಿಬರುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ಓಣಿಯಲ್ಲಿ ಮೈಕಿನಲ್ಲಿ ಸಾರಿದಾಗ ನಾವೂ ತಕ್ಷಣ ಹೊರಡಲಿಲ್ಲ, ನಿಜ. ಹಿಂದೆ ಹೀಗೆಯೇ ಸಾರಿದಾಗಲೆಲ್ಲ ನೀರು ಹೊಲದವರೆಗೆ ಬಂದು ಇಳಿದುಹೋಗಿತ್ತು. ಎಮ್ಮೆ, ಆಕಳು, ಕರು ಹೊಡೆದುಕೊಂಡು, ವಯಸ್ಸಾದವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಊರು ಬಿಡುವುದು ಒಂದು ಗಳಿಗೆಯ ಕೆಲಸವಲ್ಲ. ಕೊನೆಗೆ ನೀರು ಹಿತ್ತಲ ಬಾಗಿಲಿಗೆ ಬಂದಾಗ ದನಗಳ ಕಣ್ಣಿ ಬಿಚ್ಚಿ, ಉಟ್ಟ ಬಟ್ಟೆಯಲ್ಲೇ ಹೊರಬಿದ್ದೆವು. ನೆಲದೊಳಗಿನ ಕಾಳಿನ ಕಣಜವಾದ ಹಗೇವಿನಲ್ಲಿದ್ದ ಜೋಳ ಅಲ್ಲಿಯೇ ಉಳಿಯಿತು. ಟ್ರಂಕಿನಲ್ಲಿದ್ದ ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ನೆನೆದು ಮುದ್ದೆಯಾದವು. ನೀರು ಇಳಿದ ಮೇಲೆ ಹಗೇವು ತೆರೆದರೆ ಜೋಳ ಉಬ್ಬಿ, ಹುಳಿತು ನಾರುತ್ತಿತ್ತು. ಮಣ್ಣಿನ ಗೋಡೆಗಳು ನೀರಿನಲ್ಲಿ ನಿಂತಿದ್ದಾಗ ಬೀಳಲಿಲ್ಲ; ಮೂರನೆಯ ದಿನ ಬಿಸಿಲು ಬಿದ್ದು ಒಣಗತೊಡಗಿದಾಗ ಮಾಳಿಗೆ ಸಮೇತ ಕುಸಿದವು. ಅಂದು ಯಾರೂ ಒಳಗೆ ಇರಲಿಲ್ಲವೆಂಬುದು ನಮ್ಮ ಪುಣ್ಯ.

ಪೂರ್ಣ ಬಿದ್ದ ಮನೆಗಳಿಗೆ ಆ ವರ್ಷ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನ ಕೆಲಸವೊಂದು ಇನ್ನೂ ಆಗಿಲ್ಲ. 2009ರ ನೀರು ಇಳಿದ ಮೇಲೆ ನಮ್ಮೂರ ಹಿರಿಯರು ಮಠದ ಗೋಡೆಯ ಮೇಲೆ ಅದು ನಿಂತಿದ್ದ ಎತ್ತರಕ್ಕೆ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆದಿದ್ದರು. ಮುಂದೆ ಜಾತ್ರೆಗೆ ಸುಣ್ಣ ಬಳಿಯುವಾಗ ಅದು ಮುಚ್ಚಿಹೋಯಿತು. ಅಂತಹ ಗೆರೆಗಳನ್ನೇ ಕಲ್ಲಿನ ಕಂಬಗಳ ಮೇಲೆ ಅಳಿಯದ ಬಣ್ಣದಲ್ಲಿ ಬರೆಸಿ, ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟಾಗ ನೀರು ಎಲ್ಲಿಗೆ ಬಂದಿತ್ತೆಂಬುದನ್ನು ಪ್ರತಿ ಊರಿನಲ್ಲೂ ತೋರಿಸಬೇಕೆಂಬುದು ನನ್ನ ಕೋರಿಕೆ. ಆಗ ಪ್ರಕಟಣೆಯ ಅಂಕಿ ಕೇಳಿದೊಡನೆ ಯಾವ ಓಣಿಯವರು ಹೊರಡಬೇಕು, ಯಾವ ಓಣಿಯವರು ಕಾಯಬಹುದು ಎಂಬುದು ಓದು ಬಾರದವರಿಗೂ ತಿಳಿಯುತ್ತದೆ. ಗುರುತಿನ ಕಂಬದಿಂದ ಗೋಡೆ ಉಳಿಯಲಾರದು. ಕಾಳು, ದನ, ಕಾಗದಪತ್ರ ಉಳಿದಾವು.

ಬೆಣ್ಣಿಹಳ್ಳದ ಮಾತು ಇದಕ್ಕಿಂತ ಕಠಿಣ. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಗಳನ್ನು ಹಾದು ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುವ ಈ ಹಳ್ಳಕ್ಕೆ ನವಿಲುತೀರ್ಥದಂತಹ ಅಣೆಕಟ್ಟೆಯಿಲ್ಲ. ಆದ್ದರಿಂದ ನೀರು ಬಿಡುವ ಪ್ರಕಟಣೆಯೂ ಇಲ್ಲ. ನಮ್ಮ ಕಪ್ಪುಮಣ್ಣಿನ ಎರೆಭೂಮಿ ಒಮ್ಮೆ ತೋಯ್ದು ತಣಿದರೆ ಮತ್ತೆ ನೀರು ಕುಡಿಯುವುದಿಲ್ಲ; ಬಿದ್ದ ಮಳೆಯೆಲ್ಲ ಹಳ್ಳಕ್ಕಿಳಿಯುತ್ತದೆ. ನಮ್ಮಲ್ಲಿ ಹನಿ ಮಳೆಯಿಲ್ಲದ ದಿನವೂ ಕುಂದಗೋಳದ ಕಡೆ ರಾತ್ರಿ ಸುರಿದ ಮಳೆಗೆ ಹಳ್ಳ ದಂಡೆ ಮೀರುತ್ತದೆ, ಹೊಳೆಯೂ ತುಂಬಿದ್ದರೆ ಹಳ್ಳದ ನೀರು ಮುಂದೆ ಹೋಗಲಾಗದೆ ಹಿಂದಕ್ಕೆ ಒತ್ತಿ ಹೊಲಗಳಿಗೆ ನುಗ್ಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುವ ವ್ಯವಸ್ಥೆ ಮಾಡಿದೆ. ಮೇಲಿನ ತಾಲ್ಲೂಕುಗಳಲ್ಲಿ ಜೋರು ಮಳೆಯಾದೊಡನೆ ಯಾವಗಲ್, ಮೆಣಸಗಿ, ಹೊಳೆಆಲೂರು ಭಾಗದ ಪಂಚಾಯಿತಿಗಳಿಗೆ ಆ ಸುದ್ದಿ ನೇರವಾಗಿ ಮುಟ್ಟಿಸಲು ಹೊಸ ಯಂತ್ರವೇನೂ ಬೇಕಿಲ್ಲ.

ಅಣೆಕಟ್ಟೆಯನ್ನು ತುಂಬಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿನ ಬಹುಪಾಲು ಅಲ್ಲಿಂದಲೇ ಬರುತ್ತದೆ, ನರಗುಂದ–ನವಲಗುಂದದ ರೈತರು ಕಾಲುವೆ ನೀರಿಗೆ ಅದನ್ನೇ ನಂಬಿದ್ದಾರೆ. ಆದರೆ 37.73 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಜಲಾಶಯ ಅಂಚಿಗೆ ಬಂದ ಮೇಲೆ ಗೇಟು ತೆರೆದರೆ, ಬಂದಷ್ಟನ್ನೂ ಒಮ್ಮೆಗೇ ಬಿಡುವುದು ಅನಿವಾರ್ಯವಾಗುತ್ತದೆ. ಒಂದು ಟಿಎಂಸಿ ಜಾಗ ಖಾಲಿಯಾಗಬೇಕೆಂದರೆ ಒಳಹರಿವಿನ ಮೇಲೆ ಸುಮಾರು 11,574 ಕ್ಯುಸೆಕ್‌ನಂತೆ ಇಡೀ ಒಂದು ದಿನ ಹೆಚ್ಚುವರಿಯಾಗಿ ಬಿಡಬೇಕು. ಮಲಪ್ರಭೆ ಹುಟ್ಟಿ ಬರುವ ಕಡೆಯ ಕಣಕುಂಬಿ, ಖಾನಾಪುರದಲ್ಲಿ ಮಳೆ ಹಿಡಿದಾಗಲೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬಂದರೆ ಹೊಳೆ ತನ್ನ ಪಾತ್ರದಲ್ಲಿಯೇ ಹರಿದೀತು. ಪಾತ್ರದ ತುಂಬ ಬೆಳೆದಿರುವ ಬಳ್ಳಾರಿ ಜಾಲಿಯನ್ನು ತೆಗೆಸುವುದೂ ಇದರ ಜೊತೆಗೇ ಆಗಬೇಕು.

2009ರಲ್ಲಿ ನೀರು ಯಾವ ಮನೆಯ ಯಾವ ಮೆಟ್ಟಿಲಿಗೆ ನಿಂತಿತ್ತೆಂದು ಕೈ ಮಾಡಿ ತೋರಿಸಬಲ್ಲ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಗದಗ ಮತ್ತು ಧಾರವಾಡ ಜಿಲ್ಲಾಡಳಿತಗಳು ಮುಂದಿನ ಮುಂಗಾರಿಗೆ ಮೊದಲೇ ಅವರನ್ನು ಕರೆದುಕೊಂಡು ಓಣಿ ಓಣಿ ಸುತ್ತಿ, ಈ ಗುರುತುಗಳನ್ನು ಹಾಕಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಹೊಳೆದಂಡೆಯ ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ